ಎರಡು ತೆರೆಗಳ ಮೇಜು: ವಿವರಪಟ್ಟಿ ಹೇಳುವುದೇನು, ಹೇಳದಿರುವುದೇನು?

ಒಂದೇ ಗಣಕಕ್ಕೆ ಎರಡು ಮಾನಿಟರ್‌ಗಳನ್ನು ಜೋಡಿಸಿಕೊಂಡು ಕೆಲಸ ಮಾಡುವುದು ಹೊಸ ಸಂಗತಿಯೇನಲ್ಲ. 1987ರ ಮ್ಯಾಕಿಂಟಾಷ್ 2 ಗಣಕದಲ್ಲಿ ಈ ಅನುಕೂಲವಿತ್ತು. 1998ರಲ್ಲಿ ಬಂದ ವಿಂಡೋಸ್ 98 ಅದನ್ನು ಸಾಮಾನ್ಯ ಬಳಕೆದಾರರಿಗೂ ಒದಗಿಸಿತು. ಆದರೆ ಆಗಿನ ಕ್ಯಾಥೋಡ್ ಕಿರಣ ನಳಿಕೆಯ ಮಾನಿಟರ್ ಒಂದೇ ಮೇಜನ್ನೆಲ್ಲ ಆಕ್ರಮಿಸುತ್ತಿತ್ತು, ಎರಡನ್ನಿಡಲು ಮೇಜೂ ಇರಲಿಲ್ಲ, ಹಣವೂ ಇರಲಿಲ್ಲ. ಇಂದು ದ್ರವಸ್ಫಟಿಕ ತೆರೆಗಳು ಹಗುರವಾಗಿವೆ, ಅಗ್ಗವೂ ಆಗಿವೆ. 2020ರ ಆನ್‌ಲೈನ್ ತರಗತಿಗಳ ನಂತರ ಅನೇಕ ಅಧ್ಯಾಪಕರ ಮನೆಗಳಲ್ಲಿ, ಕಾಲೇಜು ವಿಭಾಗಗಳಲ್ಲಿ ಎರಡು ತೆರೆಗಳ ಮೇಜು ಕಾಣಿಸಿಕೊಂಡಿದೆ. ಒಂದರಲ್ಲಿ ಆಕರ ಪುಸ್ತಕ, ಇನ್ನೊಂದರಲ್ಲಿ ಬರೆಯುತ್ತಿರುವ ಟಿಪ್ಪಣಿ. ಒಂದರಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ಅದು ಬಿಡಿಸಿದ ನಕ್ಷೆ. ಇಂಥ ಕೆಲಸ ಇರುವವರಿಗೆ ಎರಡನೆಯ ತೆರೆ ನಿಜವಾಗಿ ಉಪಯುಕ್ತ.

ಯಾವ ಎರಡನ್ನು ಕೊಳ್ಳಬೇಕು? ಕೊಳ್ಳುವವರ ಕೈಯಲ್ಲಿರುವ ಏಕೈಕ ದಾಖಲೆ ತಯಾರಕರ ವಿವರಪಟ್ಟಿ. ವಿದ್ಯಾರ್ಥಿ ಪ್ರಯೋಗದ ವರದಿ ತಂದಾಗ ನಾವು ಕೇಳುವ ಪ್ರಶ್ನೆಗಳು ಮೂರು: ಏನನ್ನು ಅಳೆದಿರಿ? ಯಾವ ಪರಿಸ್ಥಿತಿಯಲ್ಲಿ ಅಳೆದಿರಿ? ಅದರಿಂದ ಏನು ತಿಳಿಯಿತು? ಇದೇ ಪ್ರಶ್ನೆಗಳನ್ನು ಮಾನಿಟರ್‌ನ ವಿವರಪಟ್ಟಿಗೂ ಕೇಳೋಣ.

ಇಂಚು ಮತ್ತು ಪಿಕ್ಸೆಲ್

ಪಟ್ಟಿಯ ಮೊದಲ ಸಾಲು ಕರ್ಣದ ಉದ್ದ. 23.8 ಇಂಚು ಕರ್ಣದ, 16:9 ಪ್ರಮಾಣದ ತೆರೆಯ ಅಗಲ 52.7 ಸೆಂ.ಮೀ., ಎತ್ತರ 29.6 ಸೆಂ.ಮೀ. ಅಡ್ಡಕ್ಕೆ 1920 ಪಿಕ್ಸೆಲ್‌ಗಳಿದ್ದರೆ ಒಂದು ಪಿಕ್ಸೆಲ್‌ನ ಅಗಲ 0.274 ಮಿ.ಮೀ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿನ ತೆರೆಗೆ ಹರಡಿದರೆ ಅದು 0.311 ಮಿ.ಮೀ. ಆಗುತ್ತದೆ. 2560 ಪಿಕ್ಸೆಲ್‌ಗಳಿರುವ 27 ಇಂಚಿನ ತೆರೆಯಲ್ಲಿ 0.233, 3840 ಪಿಕ್ಸೆಲ್‌ಗಳಿರುವ, ಅಂದರೆ '4ಕೆ' ಎಂದು ಮಾರುವ ತೆರೆಯಲ್ಲಿ 0.156 ಮಿ.ಮೀ.

ಆರೋಗ್ಯವಂತ ಕಣ್ಣಿನ ಪೃಥಕ್ಕರಣ ಸಾಮರ್ಥ್ಯ ಸುಮಾರು 1 ಕೋನ ಮಿನಿಟು ಎಂದು ನಾವು ಪಾಠ ಮಾಡುತ್ತೇವೆ. 60 ಸೆಂ.ಮೀ. ದೂರದಲ್ಲಿ ಈ ಕೋನ 0.175 ಮಿ.ಮೀ. ಉದ್ದಕ್ಕೆ ಸಮ. ಅಂದರೆ ಮೇಲಿನ ನಾಲ್ಕರಲ್ಲಿ 4ಕೆ ತೆರೆಯ ಪಿಕ್ಸೆಲ್‌ಗಳು ಮಾತ್ರ ಆ ದೂರದಲ್ಲಿ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. 24 ಇಂಚಿನ ಸಾಮಾನ್ಯ ತೆರೆಯಿಂದ ಸುಮಾರು 94 ಸೆಂ.ಮೀ., 27 ಇಂಚಿನ 1920 ಪಿಕ್ಸೆಲ್ ತೆರೆಯಿಂದ ಸುಮಾರು 107 ಸೆಂ.ಮೀ. ದೂರ ಕುಳಿತರೆ ಮಾತ್ರ ಅಂಚುಗಳು ನಯವಾಗಿ ಕಾಣುತ್ತವೆ. ದೊಡ್ಡ ತೆರೆಯೇ ಉತ್ತಮ ತೆರೆ ಎಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚಾಗದೆ ಇಂಚು ಮಾತ್ರ ಹೆಚ್ಚಾದರೆ ಬರಹ ಒರಟಾಗುತ್ತದೆ.

'ಅರ್ಧ'ವೋ 'ಅರ್ಥ'ವೋ?

ಇದು ಕನ್ನಡ ಬರೆಯುವವರಿಗೆ ಹೆಚ್ಚು ಮುಖ್ಯ. 12 ಪಾಯಿಂಟ್ ಅಕ್ಷರಕ್ಕೆ ಸಾಮಾನ್ಯ ಸಜ್ಜಿಕೆಯಲ್ಲಿ ದೊರೆಯುವ ಅಳತೆ 16 ಪಿಕ್ಸೆಲ್. ರೋಮನ್ ಲಿಪಿಗೆ ಇಷ್ಟು ಸಾಕಾಗಬಹುದು. ಕನ್ನಡದಲ್ಲಿ ಮೇಲೆ ಗುಣಿತದ ಚಿಹ್ನೆ, ನಡುವೆ ಮೂಲಾಕ್ಷರ, ಕೆಳಗೆ ಒತ್ತಕ್ಷರ, ಕೆಲವೊಮ್ಮೆ ಎರಡು ಒತ್ತಕ್ಷರ. 'ದ'ಕಾರಕ್ಕೆ ಕೆಳಗೊಂದು ಸೀಳು ಬಂದರೆ 'ಧ', ಅದರೊಳಗೆ ಚುಕ್ಕೆಯೂ ಬಂದರೆ 'ಥ'. 16 ಪಿಕ್ಸೆಲ್ ಅಳತೆಯಲ್ಲಿ ಆ ಚುಕ್ಕೆಗೆ ಉಳಿಯುವುದು ಒಂದೆರಡು ಪಿಕ್ಸೆಲ್. ಹಿಂದೊಮ್ಮೆ ನಾನು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯಲ್ಲಿ 'ಅರ್ಧಾಯು' ಎಂಬುದು 'ಅರ್ಥಾಯು' ಎಂದು ಅಚ್ಚಾಯಿತು. ತೆರೆಯ ಮೇಲೆ ಎರಡು ಸಲ ಓದಿದ್ದೆ, ಕಂಡಿರಲಿಲ್ಲ. ಕಾಗದದ ಮೇಲೆ ಮೊದಲ ನೋಟಕ್ಕೇ ಕಂಡಿತು. ತಪ್ಪು ನನ್ನದೇ. ಆದರೆ ವಿಕಿರಣಶೀಲತೆಯ ಪ್ರಶ್ನೆಯನ್ನು ಎದುರಿಸುತ್ತಿದ್ದ ವಿದ್ಯಾರ್ಥಿ ಅದರ ಬೆಲೆ ತೆತ್ತ.

ಹೀಗಾಗಿ ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ಪುಟ ಕನ್ನಡ ಪಠ್ಯ ಒಯ್ಯಿರಿ. 'ರಾಷ್ಟ್ರ', 'ಸ್ತ್ರೀ', 'ಉತ್ಪ್ರೇಕ್ಷೆ', 'ಅರ್ಧ', 'ಅರ್ಥ' ಎಂಬ ಪದಗಳು ಅದರಲ್ಲಿರಲಿ. ಅಲ್ಲಿ ಓಡುತ್ತಿರುವ ಜಲಪಾತದ ಚಿತ್ರ ನಿಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

ಕಾಂಟ್ರಾಸ್ಟ್ ಎಂಬ ಸೊನ್ನೆಗಳ ಸಾಲು

ಅತ್ಯಂತ ಬೆಳಕಿನ ಬಿಳುಪಿಗೂ ಅತ್ಯಂತ ಗಾಢ ಕಪ್ಪಿಗೂ ಇರುವ ಪ್ರಕಾಶದ ಅನುಪಾತವೇ ಕಾಂಟ್ರಾಸ್ಟ್. ಐಪಿಎಸ್ ಬಗೆಯ ತೆರೆಯಲ್ಲಿ ಅದು ಸಾಮಾನ್ಯವಾಗಿ 1000:1ರ ಆಸುಪಾಸು, ವಿಎ ಬಗೆಯಲ್ಲಿ 3000:1ರ ಆಸುಪಾಸು ಇರುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಹತ್ತು ಲಕ್ಷ, ಕೋಟಿ ಎಂಬ ಸಂಖ್ಯೆಗಳನ್ನು ನೀವು ನೋಡಿರಬಹುದು. ಅದು 'ಡೈನಮಿಕ್' ಕಾಂಟ್ರಾಸ್ಟ್. ಪೂರ್ತಿ ಬಿಳಿಯ ತೆರೆಯನ್ನು ಒಮ್ಮೆ ಅಳೆದು, ಬಳಿಕ ಪೂರ್ತಿ ಕಪ್ಪು ತೆರೆಯನ್ನು ಹಿಂಬದಿಯ ದೀಪ ಬಹುತೇಕ ಆರಿಸಿ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿದ್ದು. ಇವು ಏಕಕಾಲದಲ್ಲಿ ಇರುವ ಸ್ಥಿತಿಗಳಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಓದುವವರಿಗೆ ಈ ಸಂಖ್ಯೆ ಏನನ್ನೂ ತಿಳಿಸುವುದಿಲ್ಲ.

ನಿಜವಾದ 3000:1 ಆದರೂ ಕೋಣೆಯ ಬೆಳಕಿನಲ್ಲಿ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕೋಣ. ತೆರೆಯ ಬಿಳುಪು ಪ್ರತಿ ಚದರ ಮೀಟರಿಗೆ 250 ಕ್ಯಾಂಡೆಲಾ ಇರಲಿ. ಕಪ್ಪಿನ ಪ್ರಕಾಶ ಐಪಿಎಸ್‌ನಲ್ಲಿ 0.25, ವಿಎಯಲ್ಲಿ 0.083. ತೆರೆಯ ಮೇಲೆ 300 ಲಕ್ಸ್ ಬೆಳಕು ಬೀಳುತ್ತಿದ್ದು, ಅದರಲ್ಲಿ ಶೇಕಡಾ 1ರಷ್ಟನ್ನು ತೆರೆ ಚದುರಿಸಿ ಹಿಂದಿರುಗಿಸುತ್ತದೆ ಎಂದುಕೊಳ್ಳಿ. ಆಗ 300 × 0.01 ÷ ಪೈ, ಅಂದರೆ ಸುಮಾರು 0.95 ಕ್ಯಾಂಡೆಲಾದಷ್ಟು ಪ್ರಕಾಶ ಕಪ್ಪಿಗೂ ಬಿಳುಪಿಗೂ ಸಮವಾಗಿ ಸೇರುತ್ತದೆ. ಈಗ ಐಪಿಎಸ್‌ನ ಅನುಪಾತ ಸುಮಾರು 208:1, ವಿಎಯದು ಸುಮಾರು 242:1. ಕಾಗದದ ಮೇಲೆ ಮೂರು ಪಟ್ಟು ಇದ್ದ ಅಂತರ ಮೇಜಿನ ಮೇಲೆ ಶೇಕಡಾ 16ಕ್ಕೆ ಇಳಿಯಿತು. ತೆರೆಯ ಪ್ರತಿಫಲನಾಂಕವನ್ನು ಬಹುತೇಕ ವಿವರಪಟ್ಟಿಗಳು ಹೇಳುವುದೇ ಇಲ್ಲ. ಕಾಂಟ್ರಾಸ್ಟ್‌ಗಾಗಿ ಹೆಚ್ಚು ಹಣ ಕೊಡುವ ಮೊದಲು ಕಿಟಕಿ ನಿಮ್ಮ ಬೆನ್ನ ಹಿಂದೆ ಬಾರದಂತೆ ಮೇಜನ್ನು ತಿರುಗಿಸಿರಿ, ಅದಕ್ಕೆ ಖರ್ಚಿಲ್ಲ.

178 ಡಿಗ್ರಿಯ ಕಥೆ

ನೋಟದ ಕೋನ 178 ಡಿಗ್ರಿ ಎಂಬುದು ಮತ್ತೊಂದು ಸಾಲು. ಸಾಮಾನ್ಯ ರೂಢಿಯಲ್ಲಿ ಇದರರ್ಥ, ಆ ಕೋನದವರೆಗೆ ಕಾಂಟ್ರಾಸ್ಟ್ 10:1ಕ್ಕಿಂತ ಕೆಳಗಿಳಿಯುವುದಿಲ್ಲ ಎಂದಷ್ಟೇ. ನೇರ ನೋಟದಲ್ಲಿ 1000 ಇದ್ದುದು ನೂರನೆಯ ಒಂದು ಭಾಗಕ್ಕೆ ಕುಸಿದರೂ ತೆರೆ ಪರೀಕ್ಷೆಯಲ್ಲಿ ಪಾಸು! ಬಣ್ಣ ಎಷ್ಟು ಬದಲಾಯಿತು ಎಂಬ ಪ್ರಶ್ನೆಯೇ ಅಲ್ಲಿಲ್ಲ.

ಒಂದೇ ತೆರೆ ಎದುರಿಗಿದ್ದಾಗ ಇದು ಅಷ್ಟು ಮುಖ್ಯವಲ್ಲ. ಎರಡು ತೆರೆಗಳಾದಾಗ ಮುಖ್ಯ. 24 ಇಂಚಿನ ಎರಡು ತೆರೆಗಳನ್ನು ಒಂದೇ ಸರಳರೇಖೆಯಲ್ಲಿಟ್ಟು, ಅವು ಕೂಡುವ ಗೆರೆಯಿಂದ 60 ಸೆಂ.ಮೀ. ದೂರದಲ್ಲಿ ನೀವು ಕುಳಿತರೆ, ಹೊರ ಅಂಚನ್ನು 41 ಡಿಗ್ರಿ ಓರೆಯಲ್ಲಿ ನೋಡುತ್ತೀರಿ. ಅದು ಕಣ್ಣಿನಿಂದ ಸುಮಾರು 80 ಸೆಂ.ಮೀ. ದೂರವಿರುತ್ತದೆ. ವಿಎ ತೆರೆಯಲ್ಲಿ ಇಷ್ಟು ಓರೆಗೆ ಗಾಢ ಛಾಯೆಗಳು ತಿಳಿಯಾಗಿಬಿಡುತ್ತವೆ. ಐಪಿಎಸ್ ಇದನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ಅಗ್ಗದ ಟಿಎನ್ ತೆರೆಯಲ್ಲಿ ಮೇಲೆ-ಕೆಳಗೆ ನೋಡುವಾಗ ಛಾಯೆ ಬದಲಾಗುತ್ತದೆ. ಅದನ್ನು ಪುಟದಂತೆ ಉದ್ದಕ್ಕೆ ತಿರುಗಿಸಿದರೆ ಈ ದೋಷ ಎಡ-ಬಲಕ್ಕೆ ಬರುತ್ತದೆ. 60 ಸೆಂ.ಮೀ. ದೂರದಲ್ಲಿ ನಮ್ಮ ಎರಡು ಕಣ್ಣುಗಳ ನೋಟದ ನಡುವೆ ಸುಮಾರು 6 ಡಿಗ್ರಿ ಅಂತರವಿರುವುದರಿಂದ ಒಂದೇ ಬಿಂದು ಒಂದೊಂದು ಕಣ್ಣಿಗೆ ಒಂದೊಂದು ಛಾಯೆಯಾಗಿ ಕಾಣಬಹುದು. ಉದ್ದಕ್ಕೆ ತಿರುಗಿಸುವ ಉದ್ದೇಶವಿದ್ದರೆ ಟಿಎನ್ ಬೇಡ.

ದೂರದ ವ್ಯತ್ಯಾಸವೂ ಗಮನಾರ್ಹ. 60 ಸೆಂ.ಮೀ.ಗೆ 1.67 ಡಯಾಪ್ಟರ್, 80 ಸೆಂ.ಮೀ.ಗೆ 1.25. ಕತ್ತು ಹೊರಳಿಸಿದಾಗಲೆಲ್ಲ ಕಣ್ಣಿನ ಮಸೂರ 0.42 ಡಯಾಪ್ಟರ್‌ನಷ್ಟು ಬದಲಾಗಬೇಕು. ವಿದ್ಯಾರ್ಥಿಗೆ ಇದು ಲೆಕ್ಕಕ್ಕಿಲ್ಲ. ಐವತ್ತು ದಾಟಿ ಪ್ರೋಗ್ರೆಸಿವ್ ಕನ್ನಡಕ ಧರಿಸುವ ನನ್ನಂಥವರಿಗೆ ಸಂಜೆಯ ತಲೆನೋವಾಗಬಹುದು. ಪರಿಹಾರ ಸರಳ: ಪ್ರತಿಯೊಂದು ತೆರೆಯನ್ನೂ ಸುಮಾರು 24 ಡಿಗ್ರಿ ಒಳಕ್ಕೆ ತಿರುಗಿಸಿ. ಆಗ ಎರಡರ ನಡುಬಿಂದುಗಳೂ 60 ಸೆಂ.ಮೀ., ಎಲ್ಲ ಪಕ್ಕದಂಚುಗಳೂ 65.5 ಸೆಂ.ಮೀ. ದೂರಕ್ಕೆ ಬರುತ್ತವೆ. ವ್ಯತ್ಯಾಸ 0.14 ಡಯಾಪ್ಟರ್‌ಗೆ ಇಳಿಯುತ್ತದೆ, ಯಾವ ಅಂಚನ್ನೂ 24 ಡಿಗ್ರಿಗಿಂತ ಓರೆಯಾಗಿ ನೋಡಬೇಕಾಗಿಲ್ಲ.

ಆದರೂ ಮೂಗಿನ ನೇರಕ್ಕೆ ಎರಡು ಚೌಕಟ್ಟುಗಳ ಗೆರೆ ನಿಲ್ಲುತ್ತದೆ. ನಿಮ್ಮ ಕೆಲಸದ ಹೆಚ್ಚಿನ ಪಾಲು ಒಂದೇ ತೆರೆಯಲ್ಲಿ ನಡೆಯುವುದಾದರೆ ಅದನ್ನು ನೇರ ಎದುರಿಗಿಟ್ಟು, ಇನ್ನೊಂದನ್ನು ಅದಕ್ಕೆ ಸುಮಾರು 47 ಡಿಗ್ರಿ ಕೋನದಲ್ಲಿ ಪಕ್ಕಕ್ಕಿಡುವುದು ಲೇಸು. ಇಲ್ಲದಿದ್ದರೆ ಕತ್ತು ದಿನವಿಡೀ ಒಂದೇ ಕಡೆಗೆ ತಿರುಗಿರುತ್ತದೆ.

ಮಿಲಿಸೆಕೆಂಡು ಮತ್ತು ಕೋಟಿ ಬಣ್ಣಗಳು

'1 ಮಿಲಿಸೆಕೆಂಡ್ ಪ್ರತಿಕ್ರಿಯೆ' ಎಂಬ ಘೋಷಣೆ ಆಟಗಾರರಿಗಾಗಿ ಹುಟ್ಟಿದ್ದು. 60 ಹರ್ಟ್ಸ್ ತೆರೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ. ಅಕ್ಷರ ಓದುವವರಿಗೆ ಪಿಕ್ಸೆಲ್ 1 ಮಿಲಿಸೆಕೆಂಡಿನಲ್ಲಿ ಬದಲಾದರೂ 5ರಲ್ಲಿ ಬದಲಾದರೂ ಒಂದೇ. '1.67 ಕೋಟಿ ಬಣ್ಣ' ಎಂಬುದು 2ರ 24ನೆಯ ಘಾತ, 1,67,77,216. ಆದರೆ 1920 × 1080 ತೆರೆಯಲ್ಲಿರುವ ಪಿಕ್ಸೆಲ್‌ಗಳೇ 20,73,600. ಎಲ್ಲ ಬಣ್ಣಗಳನ್ನು ಒಮ್ಮೆಗೇ ತೋರಿಸಲು ಅಲ್ಲಿ ಸ್ಥಳವೇ ಇಲ್ಲ! ಅಗ್ಗದ ಕೆಲವು ತೆರೆಗಳು 6 ಬಿಟ್‌ನ 2,62,144 ಬಣ್ಣಗಳನ್ನಷ್ಟೇ ನಿಜವಾಗಿ ಹೊಂದಿದ್ದು, ಉಳಿದವನ್ನು ಎರಡು ಛಾಯೆಗಳ ನಡುವೆ ವೇಗವಾಗಿ ಮಿನುಗಿಸಿ ಸಾಧಿಸುತ್ತವೆ.

ಮಿನುಗು ಇನ್ನೊಂದು ಬಗೆಯಲ್ಲೂ ಇರಬಹುದು. ಕೆಲವು ಮಾನಿಟರ್‌ಗಳು ಪ್ರಕಾಶ ತಗ್ಗಿಸಲು ಹಿಂಬದಿಯ ಎಲ್‌ಇಡಿಯನ್ನು ವೇಗವಾಗಿ ಆರಿಸಿ ಹೊತ್ತಿಸುತ್ತವೆ. ಇದನ್ನು ಪತ್ತೆಹಚ್ಚಲು ಉಪಕರಣ ಬೇಡ. ಪ್ರಕಾಶವನ್ನು ಕಾಲುಭಾಗಕ್ಕೆ ಇಳಿಸಿ, ಬಿಳಿ ತೆರೆಯ ಮುಂದೆ ಪೆನ್ಸಿಲನ್ನು ಬೇಗಬೇಗ ಆಡಿಸಿ. ಪೆನ್ಸಿಲ್ ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ದೀಪ ಮಿನುಗುತ್ತಿದೆ. ಒಂದೇ ಸಮನಾದ ಮಸುಕಾಗಿ ಕಂಡರೆ ಮಿನುಗು ಇಲ್ಲ, ಅಥವಾ ತೀರ ವೇಗವಾಗಿದೆ. ತರಗತಿಯಲ್ಲೂ ಮಾಡಿ ತೋರಿಸಬಹುದಾದ ಪ್ರಯೋಗವಿದು.

ಜೋಡಿ ಹೊಂದಬೇಕು

ವಿವರಪಟ್ಟಿ ಒಂದು ಮಾನಿಟರನ್ನು ವರ್ಣಿಸುತ್ತದೆ, ಜೋಡಿಯನ್ನಲ್ಲ. ಒಂದರ ಬಿಳುಪು ನೀಲಿಗೂ ಇನ್ನೊಂದರದು ಹಳದಿಗೂ ವಾಲಿದರೆ ಕಣ್ಣು ಎಡಬಿಡದೆ ಹೊಂದಿಕೊಳ್ಳುತ್ತಲೇ ಇರಬೇಕು. ಎರಡನ್ನೂ ಸಮವಾಗಿ ಬಳಸುವವರು ಒಂದೇ ಮಾದರಿಯ ಎರಡನ್ನು ಒಟ್ಟಿಗೆ ಕೊಳ್ಳುವುದು ಸುರಕ್ಷಿತ. ಹಣ ಸೀಮಿತವಾಗಿದ್ದು, ಬರಹದ ಕೆಲಸ ಹೆಚ್ಚಿದ್ದರೆ ಮುಖ್ಯ ತೆರೆ 27 ಇಂಚಿನ 4ಕೆ, ಪಕ್ಕದ್ದು 24 ಇಂಚಿನ ಸಾಮಾನ್ಯ ತೆರೆ ಇರಲಿ. ಮೊದಲನೆಯದರ ಅಕ್ಷರ ಪ್ರಮಾಣವನ್ನು ಶೇಕಡಾ 175ಕ್ಕೆ ಇರಿಸಿದರೆ ಎರಡರಲ್ಲೂ ಅಕ್ಷರ ಸುಮಾರು 4.4 ಮಿ.ಮೀ. ಅಳತೆಗೇ ಬರುತ್ತದೆ. ಆದರೆ 4ಕೆಯಲ್ಲಿ ಆ ಅಳತೆಯೊಳಗೆ 16ರ ಬದಲು 28 ಪಿಕ್ಸೆಲ್‌ಗಳಿರುತ್ತವೆ. 'ಥ'ದ ಚುಕ್ಕೆ ಅಲ್ಲಿ ಚುಕ್ಕೆಯಾಗಿಯೇ ಕಾಣುತ್ತದೆ.

ಕೇಬಲನ್ನೂ ಮರೆಯಬೇಡಿ. 3840 × 2160 ಪಿಕ್ಸೆಲ್, ಪ್ರತಿಯೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಬಾರಿ: ಚಿತ್ರಕ್ಕೇ 11.9 ಗಿಗಾಬಿಟ್ ಬೇಕು. 2009ರ ಎಚ್‌ಡಿಎಂಐ 1.4 ಸಾಗಿಸಬಲ್ಲದ್ದು 8.16 ಗಿಗಾಬಿಟ್ ಮಾತ್ರ. ಆದ್ದರಿಂದ ಹಳೆಯ ಗಣಕಕ್ಕೆ 4ಕೆ ತೆರೆ ಜೋಡಿಸಿದರೆ 30 ಹರ್ಟ್ಸ್‌ಗೆ ಇಳಿದು ಮೌಸಿನ ಬಾಣ ಕುಂಟುತ್ತದೆ. 2013ರ ಎಚ್‌ಡಿಎಂಐ 2.0 ಅಥವಾ 2010ರ ಡಿಸ್‌ಪ್ಲೇಪೋರ್ಟ್ 1.2 ಗಣಕದಲ್ಲಿದೆಯೇ, ಅದು ಎರಡು ತೆರೆಗಳನ್ನು ನಡೆಸಬಲ್ಲದೇ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಕೊನೆಯದಾಗಿ, ಖರೀದಿ ಸಮಿತಿಗಳಲ್ಲಿರುವ ಅಧ್ಯಾಪಕರಿಗೆ ಒಂದು ಮಾತು. ನಾನು ಬಲ್ಲ ಒಂದು ಕಾಲೇಜಿನಲ್ಲಿ ದರಪಟ್ಟಿಗಳನ್ನು ಇಂಚು, ಕಾಂಟ್ರಾಸ್ಟ್, ಬೆಲೆ ಎಂಬ ಮೂರು ಅಂಕಣಗಳಲ್ಲಿ ಹೋಲಿಸಿ ಅತಿ ಕಡಿಮೆ ದರದವರಿಗೆ ಆದೇಶ ಕೊಟ್ಟರು. ನಿಯಮದ ಪ್ರಕಾರ ಸರಿಯೇ. ಬಂದ ಮಾನಿಟರ್‌ಗಳ ಎತ್ತರ ಬದಲಿಸಲು ಬರುವುದಿಲ್ಲ. ಇಂದಿಗೂ ಅವು ಹಳೆಯ ನಿಯತಕಾಲಿಕೆಗಳ ಕಟ್ಟುಗಳ ಮೇಲೆ ನಿಂತಿವೆ. ಪ್ರತಿಯೊಂದು ಕಟ್ಟಿನ ಎತ್ತರವೂ ಬೇರೆ. ವಿದ್ಯಾರ್ಥಿಗಳು ಆ ತೆರೆಗಳ ಮುಂದೆ ದಿನಕ್ಕೆ ಮೂರು ಗಂಟೆ ಕೂರುತ್ತಾರೆ. ಅತಿ ಕಡಿಮೆ ದರದ ನಿಯಮವನ್ನು ನಾವು ಬದಲಿಸಲಾರೆವು. ಆದರೆ ಯಾವುದರ ದರ ಕೇಳುತ್ತಿದ್ದೇವೆ ಎಂಬುದನ್ನು ಬರೆಯುವವರು ನಾವೇ. ಎತ್ತರ ಬದಲಿಸಬಲ್ಲ, ಎಡ-ಬಲಕ್ಕೆ ತಿರುಗುವ ನಿಲುವು; ಐಪಿಎಸ್ ತೆರೆ; ಪಿಕ್ಸೆಲ್‌ನ ಗರಿಷ್ಠ ಅಗಲ ಇಷ್ಟು; ಮಿನುಗದ ಹಿಂಬದಿ ದೀಪ; ಬೇಕಾದ ಕೇಬಲ್ — ಈ ಐದನ್ನು ಟೆಂಡರಿನಲ್ಲಿ ಬರೆಯಿರಿ. ಡೈನಮಿಕ್ ಕಾಂಟ್ರಾಸ್ಟ್ ಮತ್ತು ಮಿಲಿಸೆಕೆಂಡಿನ ಸಾಲುಗಳನ್ನು ಹೊಡೆದುಹಾಕಿ. ಆಮೇಲೆ ಬರುವ ಅತಿ ಕಡಿಮೆ ದರ ಬಳಸಲು ಯೋಗ್ಯವಾದ ವಸ್ತುವಿನದಾಗಿರುತ್ತದೆ.