ಅನ್ಯಗ್ರಹದವರ ದಾಳಿಯ ಚಿತ್ರಗಳಲ್ಲಿ ಆಪದ್ಧರ್ಮ

ಅನ್ಯಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವ ಚಲಚ್ಚಿತ್ರಗಳನ್ನು ಮಕ್ಕಳ ಪಾಲಿಗೆ ಬಿಟ್ಟು ಹಿರಿಯರು ಎದ್ದುಹೋಗುವ ವಾಡಿಕೆಯು ನಮ್ಮ ವಿದ್ಯಾವಂತರ ಮನೆಗಳಲ್ಲಿ ಉಂಟು. ಗದ್ದಲ, ಹೊಗೆ, ಉರುಳುವ ಕಟ್ಟಡಗಳು, ಇವುಗಳಲ್ಲಿ ವಿಚಾರಾರ್ಹವಾದುದೇನಿದೆ ಎಂಬುದು ಅವರ ಅಭಿಪ್ರಾಯ. ಅನೇಕ ಚಿತ್ರಗಳ ವಿಷಯದಲ್ಲಿ ಅದು ಸರಿಯೇ. ಆದರೆ ಉತ್ತಮವಾದ ಒಂದೆರಡನ್ನು ಅವಧಾನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಇಲ್ಲಿ ಯುದ್ಧವೆಂಬುದು ಹೆಸರಿಗೆ ಮಾತ್ರ. ಶತ್ರುವಿನ ಬಲವು ಎಣೆಯಿಲ್ಲದುದಾದ್ದರಿಂದ ವೀರರಸಕ್ಕೆ ಅವಕಾಶವೇ ಇಲ್ಲ. ಮನುಷ್ಯನಿಗೆ ಉಳಿದಿರುವುದು ಓಡುವುದು, ಅಡಗುವುದು, ಹೇಗಾದರೂ ಜೀವ ಹಿಡಿದುಕೊಂಡಿರುವುದು. ಜೀವ ಉಳಿಸಿಕೊಳ್ಳಲು ಏನನ್ನು ಮಾಡಬಹುದು, ಎಲ್ಲಿಗೆ ನಿಲ್ಲಬೇಕು ಎಂಬ ಪ್ರಶ್ನೆಯೇ ಈ ಕಥೆಗಳ ತಿರುಳು. ನಮ್ಮ ಪೂರ್ವಿಕರು ಇದನ್ನು ಆಪದ್ಧರ್ಮವೆಂದು ಕರೆದು ಶಾಂತಿಪರ್ವದಲ್ಲಿ ಅದಕ್ಕೆ ಪ್ರತ್ಯೇಕವಾದ ಭಾಗವನ್ನೇ ಮೀಸಲಾಗಿಟ್ಟರು.

ಈ ಜಾತಿಯ ಕಥೆಗಳಿಗೆ ಮೂಲಪುರುಷನೆನ್ನತಕ್ಕವನು ಆಂಗ್ಲ ಗ್ರಂಥಕಾರನಾದ ಎಚ್. ಜಿ. ವೆಲ್ಸ್. ಅವನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕರೂಪದಲ್ಲಿ 1898ರಲ್ಲಿ ಪ್ರಕಟವಾಯಿತು. ಕುಜಗ್ರಹದವರನ್ನು ನಿಂದಿಸುವ ಮೊದಲು ಟಾಸ್ಮೇನಿಯದ ಮೂಲನಿವಾಸಿಗಳಿಗೆ ಯೂರೋಪಿಯನರು ಮಾಡಿದುದನ್ನು ನೆನೆಯಿರೆಂದು ಅವನು ಆರಂಭದಲ್ಲಿಯೇ ತನ್ನ ಓದುಗರಿಗೆ ಹೇಳಿದನು. (ಮುಂದೆ ಹೇಳಲಿರುವ ಎರಡು ಚಿತ್ರಗಳಲ್ಲಿಯೂ ಈ ಮಾತಿಗೆ ಸ್ಥಳ ದೊರೆತಿಲ್ಲ; ಇದು ಸಣ್ಣ ನಷ್ಟವಲ್ಲ.) ಕಥೆಯ ನಿರೂಪಕನು ಒಬ್ಬ ಪಾದ್ರಿಯೊಡನೆ ಪಾಳುಮನೆಯೊಂದರಲ್ಲಿ ಸಿಕ್ಕಿಬೀಳುವನು. ಹೊರಗೆ ಶತ್ರುಗಳ ಯಂತ್ರ, ಒಳಗೆ ಹಸಿವು. ಪಾದ್ರಿಗೆ ಬುದ್ಧಿ ಕೆಟ್ಟು ಅವನು ಕೂಗಾಡತೊಡಗಿದಾಗ ನಿರೂಪಕನು ಮಾಂಸ ಕಡಿಯುವ ಕತ್ತಿಯ ಬಾಯನ್ನು ಹಿಂದಕ್ಕೆ ತಿರುಗಿಸಿ ಅದರ ಹಿಡಿಯಿಂದ ಅವನನ್ನು ಹೊಡೆದು ಕೆಡವುವನು. ಬಿದ್ದವನನ್ನು ಕುಜಗ್ರಹದವರ ಬಾಹುವೊಂದು ಎಳೆದುಕೊಂಡು ಹೋಗುವುದು. ಅನಂತರ ಒಂದು ರಾತ್ರಿ ನಿರೂಪಕನು ಇದನ್ನೆಲ್ಲ ತನ್ನೊಳಗೆ ವಿಚಾರಿಸುತ್ತಾನೆ. ಸಾಕ್ಷಿಗಳಾರೂ ಇರಲಿಲ್ಲ, ಮುಚ್ಚಿಡಬಹುದಾಗಿತ್ತು. ಆದರೂ ನಡೆದುದನ್ನು ನಡೆದಂತೆ ಬರೆದು ತೀರ್ಪನ್ನು ಓದುಗನಿಗೆ ಬಿಡುತ್ತಾನೆ. ಆ ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು ಈ ಸ್ಥಳವೇ.

1953ರಲ್ಲಿ ಜಾರ್ಜ್ ಪಾಲ್ ನಿರ್ಮಿಸಿ ಬೈರನ್ ಹ್ಯಾಸ್ಕಿನ್ ನಿರ್ದೇಶಿಸಿದ ಚಿತ್ರವು ಕಥೆಯನ್ನು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಸಾಗಿಸಿತು. ಪಾಳುಮನೆಯ ಪಾಪವನ್ನು ಅದು ಕೈಬಿಟ್ಟಿತು. ಅಲ್ಲಿಯ ಧರ್ಮೋಪದೇಶಕನು ಗ್ರಂಥವನ್ನು ಕೈಯಲ್ಲಿ ಹಿಡಿದು ಶತ್ರುವಿನ ಕಡೆಗೆ ತಾನಾಗಿ ನಡೆದು ಸಾಯುವ ಸತ್ಪುರುಷನು. ಆದರೆ ಪ್ರಶ್ನೆಯು ಬೇರೊಂದು ಕಡೆಯಲ್ಲಿ ತಲೆಯೆತ್ತಿದೆ. ಲಾಸ್ ಏಂಜಲೀಸ್ ನಗರವನ್ನು ತೆರವು ಮಾಡುವಾಗ ಉದ್ರಿಕ್ತರಾದ ಜನರು ವಿಜ್ಞಾನಿಗಳ ವಾಹನಗಳನ್ನು ಕಸಿದುಕೊಂಡು, ಅವುಗಳಲ್ಲಿದ್ದ ಉಪಕರಣಗಳನ್ನು ಬೀದಿಗೆಸೆಯುವರು. ಯಾವುದರಿಂದ ಎಲ್ಲರೂ ಬದುಕಬಹುದಾಗಿತ್ತೋ ಅದನ್ನು ತಾನೊಬ್ಬನು ಬದುಕಬೇಕೆಂಬ ಆತುರವು ನುಚ್ಚುನೂರು ಮಾಡಿತು. ಈ ದೃಶ್ಯವು ಅಲ್ಪಕಾಲದ್ದಾದರೂ ಮೊನಚಾದುದು. ಇಲ್ಲಿ ದೋಷಿಯು ಗುಂಪು. ಗುಂಪಿಗೆ ಮುಖವಿಲ್ಲವಾದ್ದರಿಂದ ನೋಡುವವನು ತನ್ನನ್ನು ಅದರಲ್ಲಿ ಎಣಿಸಿಕೊಳ್ಳದೆ ಪಾರಾಗುವನು.

2005ರ ಸ್ಟೀವನ್ ಸ್ಪಿಲ್ಬರ್ಗನ ಚಿತ್ರವು ಈ ತಪ್ಪಿಸಿಕೊಳ್ಳುವಿಕೆಗೆ ಬಹುದೂರದವರೆಗೆ ಎಡೆಗೊಡುವುದಿಲ್ಲ. ನಾಯಕನಾದ ರೇ ಬಂದರಿನಲ್ಲಿ ಕ್ರೇನು ನಡೆಸುವ ಕೂಲಿಗಾರ, ಪತ್ನಿಯಿಂದ ದೂರವಾದವನು, ಮಗ ರಾಬಿ ಮತ್ತು ಪುಟ್ಟ ಮಗಳು ರೇಚಲ್ ಇವರ ಮನಸ್ಸನ್ನು ಅರಿಯದ ತಂದೆ. ಊರಿಗೆಲ್ಲ ನಡೆಯುವ ವಾಹನ ಒಂದೇ. ಅದು ಅವನ ಕೈಗೆ ಸಿಕ್ಕಿರುವುದು. ಜನರು ಅದಕ್ಕೆ ಮುತ್ತುವರು, ಅವನು ಪಿಸ್ತೂಲು ತೋರಿಸುವನು, ಇನ್ನೊಬ್ಬನು ಅವನಿಗೇ ಪಿಸ್ತೂಲು ತೋರಿಸಿ ವಾಹನವನ್ನು ಕಸಿಯುವನು. ಕೊನೆಗೆ ಮಗಳೊಡನೆ ಓಗಿಲ್ವಿಯೆಂಬವನ ನೆಲಮಾಳಿಗೆಯಲ್ಲಿ ಆಶ್ರಯ. ವೆಲ್ಸನ ಪಾದ್ರಿಯಂತೆ ಇವನಿಗೂ ಬುದ್ಧಿ ಕದಡುವುದು, ಕೂಗಾಡುವನು; ಕೂಗು ಹೊರಗೆ ಕೇಳಿದರೆ ಮಗಳು ಉಳಿಯಳು. ರೇ ಮಗಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿಕೊಂಡು ಜೋಗುಳ ಹಾಡಿಕೊಳ್ಳೆಂದು ಹೇಳಿ, ಆ ಮನುಷ್ಯನಿದ್ದ ಕೋಣೆಗೆ ಹೋಗಿ ಬಾಗಿಲು ಮುಚ್ಚುವನು. ಹೊರಬರುವಾಗ ಅವನೊಬ್ಬನೇ.

ಇದಕ್ಕೆ ಸಮನಾದ ದೃಶ್ಯ ಈ ಜಾತಿಯ ಚಿತ್ರಗಳಲ್ಲಿ ವಿರಳ. ಆದರೆ ಮುಂದೇನಾಯಿತು? ಆ ಕೃತ್ಯವನ್ನು ಕುರಿತು ತಂದೆಯು ಒಂದು ಮಾತನ್ನೂ ಆಡುವುದಿಲ್ಲ, ಮಗಳು ಕೇಳುವುದೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದು ಮಗುವಿಗೆ ಮಾತ್ರವಲ್ಲ, ನಮಗೂ ಎಂದು ತೋರುತ್ತದೆ.

ವಧೆಯನ್ನು ರಂಗದ ಮೇಲೆ ತೋರಿಸಬಾರದೆಂದು ನಮ್ಮ ದಶರೂಪಕಕಾರನೇ ವಿಧಿಸಿರುವಾಗ ಮುಚ್ಚಿದ ಬಾಗಿಲು ಔಚಿತ್ಯವೇ ಅಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಭಾಸನ ಊರುಭಂಗದಂತಹ ಅಪವಾದಗಳನ್ನು ಬಿಟ್ಟರೂ ಆ ನಿಯಮವು ಕಣ್ಣಿಗೆ ಸಂಬಂಧಪಟ್ಟುದು, ವಿವೇಕಕ್ಕಲ್ಲ. ರಕ್ತವನ್ನು ಮರೆಮಾಡಿದ ಕವಿಗೆ ಅದರ ಫಲವನ್ನೂ ಮರೆಮಾಡುವ ಅನುಮತಿಯನ್ನು ಶಾಸ್ತ್ರಕಾರರು ಕೊಟ್ಟಿಲ್ಲ. ನನ್ನ ಆಕ್ಷೇಪವಿರುವುದು ಬಾಗಿಲು ಮುಚ್ಚಿದುದಕ್ಕಲ್ಲ, ಅದು ಮತ್ತೆ ತೆರೆಯದೆ ಉಳಿದುದಕ್ಕೆ.

ಆಪದ್ಧರ್ಮದ ಪ್ರಕರಣದಲ್ಲಿ ಭೀಷ್ಮನು ಧರ್ಮರಾಜನಿಗೆ ಹೇಳುವ ವಿಶ್ವಾಮಿತ್ರನ ಕಥೆಯನ್ನು ವಾಚಕರು ಬಲ್ಲರು. ಹನ್ನೆರಡು ವರ್ಷಗಳ ಬರ. ಹಸಿವಿನಿಂದ ಕಂಗೆಟ್ಟ ಋಷಿಯು ಕತ್ತಲೆಯಲ್ಲಿ ನಾಯಿಯ ಮಾಂಸವನ್ನು ಕದಿಯಲು ಒಂದು ಗುಡಿಸಲನ್ನು ಹೊಗುತ್ತಾನೆ. ಚಂಡಾಲನೆಂದು ಕಥೆಯು ಕರೆಯುವ ಆ ಮನೆಯೊಡೆಯನು ಎಚ್ಚೆತ್ತು, ಇದು ನಿನಗೆ ತಕ್ಕುದಲ್ಲವೆಂದು ಬಗೆಬಗೆಯಾಗಿ ಬೇಡುತ್ತಾನೆ. ಧರ್ಮದ ಪರವಾಗಿ ವಾದಿಸುವವನು ಅವನು. ಪ್ರಾಣದ ಪರವಾಗಿ ವಾದಿಸುವವನು ಋಷಿ! ಋಷಿಯು ಮಾತಿಗೆ ಮಾತು ಕೊಟ್ಟು, ತಾನು ಮಾಡುತ್ತಿರುವುದು ಏನೆಂಬುದನ್ನು ಹೆಸರಿಟ್ಟು ಹೇಳಿ, ಆಮೇಲೆ ಮಾಂಸವನ್ನು ಕೊಂಡೊಯ್ಯುತ್ತಾನೆ. ಕೊನೆಯಲ್ಲಿ ಇಂದ್ರನು ಮಳೆಗರೆಯುವುದು ನಿಜ. ಆದರೆ ಮಳೆಯು ಬರುವುದು ವಾದವೆಲ್ಲ ಮುಗಿದ ಮೇಲೆ.

ಸ್ಪಿಲ್ಬರ್ಗನಲ್ಲಿ ಮಳೆ ಬರುತ್ತದೆ, ವಾದವಿಲ್ಲ. ವೆಲ್ಸನ ಕಥೆಯಲ್ಲಿರುವಂತೆಯೇ ಸೂಕ್ಷ್ಮಜೀವಿಗಳು ಶತ್ರುಗಳನ್ನು ಕೊಲ್ಲುವುವು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗುಡ್ಡದ ಆಚೆ ಬೆಂಕಿಯ ಬಾಯಿಗೆ ಹೋದ ಮಗನು ಬಾಸ್ಟನ್ನಿನ ಮನೆಯ ಬಾಗಿಲಲ್ಲಿ ಸುರಕ್ಷಿತನಾಗಿ ನಿಂತಿರುವುದು ಹೇಗೆ? ಮಗಳನ್ನು ಅಪರಿಚಿತರು ಕರೆದೊಯ್ಯುತ್ತಿದ್ದ ಕ್ಷಣದಲ್ಲಿ ತಂದೆಯು ಮಗನ ಕೈಯನ್ನು ಬಿಟ್ಟು ಅವಳ ಕಡೆಗೆ ಓಡಿದ್ದನು. ಇಬ್ಬರಲ್ಲಿ ಒಬ್ಬರನ್ನು ಆರಿಸಿದ್ದನು. ಆ ಆಯ್ಕೆಯ ಬೆಲೆಯನ್ನು ಚಿತ್ರವು ತಂದೆಗೆ ಮರಳಿಸಿಬಿಟ್ಟಿತು. ವೆಲ್ಸನೂ ಕೊನೆಯಲ್ಲಿ ಪತ್ನಿಯನ್ನು ಮರಳಿ ಕೊಟ್ಟನೆಂದು ಹೇಳುವವರುಂಟು. ಕೊಟ್ಟನು, ಆದರೆ ಪಾದ್ರಿಯ ಲೆಕ್ಕವನ್ನು ಮೊದಲು ಬರೆದಿಟ್ಟು ಕೊಟ್ಟನು.

ಈ ದೃಷ್ಟಿಯಿಂದ 2018ರಲ್ಲಿ ಬಂದ ಜಾನ್ ಕ್ರಸಿನ್ಸ್ಕಿಯ ‘ಎ ಕ್ವಾಯಟ್ ಪ್ಲೇಸ್’ ಎಂಬ ಚಿಕ್ಕ ಚಿತ್ರವನ್ನು ನಾನು ಮೇಲೆಂದೆಣಿಸುವೆನು. ಶಬ್ದವನ್ನು ಕೇಳಿ ಬೇಟೆಯಾಡುವ ಜೀವಿಗಳ ನಡುವೆ, ಕಿವುಡಿಯಾದ ಮಗಳುಳ್ಳ ಒಂದು ಸಂಸಾರ ಸಂಜ್ಞೆಗಳಲ್ಲಿ ಮಾತನಾಡುತ್ತ, ಹಾದಿಗೆ ಮರಳು ಹಾಸಿ ಬರಿಗಾಲಲ್ಲಿ ನಡೆಯುತ್ತ ಬದುಕುತ್ತಿರುವುದು. ಆ ಮನೆಯಲ್ಲಿ ತಾಯಿ ಗರ್ಭಿಣಿ. ಅಳದ ಶಿಶುವುಂಟೆ? ಇದು ಅವಿವೇಕವೆಂದು ನಕ್ಕವರಿದ್ದಾರೆ. ಶಿಶುವಿಗೆಂದು ಮುಚ್ಚಳವಿರುವ ಪೆಟ್ಟಿಗೆಯನ್ನೂ ಆಮ್ಲಜನಕವನ್ನೂ ಅವರು ಮೊದಲೇ ಸಿದ್ಧಮಾಡಿಟ್ಟಿರುವುದನ್ನು ನಕ್ಕವರು ಗಮನಿಸಿದಂತಿಲ್ಲ. ಅಪಾಯವನ್ನು ಅರಿತೇ ಅವರು ಅಳುವ ಜೀವವೊಂದನ್ನು ಮನೆಗೆ ಬರಮಾಡಿಕೊಂಡರು. ಕೊನೆಗೆ ತಂದೆಯು ಮಕ್ಕಳಿಂದ ಮೃಗವನ್ನು ತನ್ನ ಕಡೆಗೆ ಸೆಳೆಯಲು ಗಟ್ಟಿಯಾಗಿ ಕೂಗಿ ಪ್ರಾಣ ಬಿಡುವನು; ಮಕ್ಕಳ ಕಣ್ಣಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಇದರ ಎರಡನೆಯ ಭಾಗವು 2021ರಲ್ಲಿ ತೆರೆಕಂಡಿತು. ಅದನ್ನು ಕುರಿತು ಬೇರೆಯಾಗಿಯೇ ಬರೆಯಬೇಕಾಗಿದೆ.