‘ಸ್ಥಳದಲ್ಲೇ’: ಒಂದು ಪ್ರಯೋಗದ ಪರಿಶೀಲನೆ

ಇಂಗ್ಲಿಷಿನ ‘ಆನ್ ದ ಸ್ಪಾಟ್’ ಎಂಬ ನುಡಿಗಟ್ಟು ಸ್ಥಳವನ್ನು ಹೆಸರಿಸುತ್ತಲೇ ಕಾಲವನ್ನೂ ಸೂಚಿಸುತ್ತದೆ. ಕನ್ನಡ ಪತ್ರಿಕಾಭಾಷೆಯ ‘ಸ್ಥಳದಲ್ಲೇ’ ಎಂಬುದೂ ಈ ಎರಡು ಅರ್ಥಗಳನ್ನು ಹೊತ್ತಿದೆ. ‘ಸ್ಥಳದಲ್ಲೇ ದಂಡ’ ಎಂಬಲ್ಲಿ ತೊಡಕಿಲ್ಲ. ‘ಸ್ಥಳದಲ್ಲೇ ಸಾವು’ ಎಂಬಲ್ಲಿ ಇದೆ.

ಪುಣೆಯ ಕೊಂಢವಾದಂತಹ ಬಹುಭಾಷಿಕ ಬಡಾವಣೆಯಲ್ಲಿ ಮರಾಠಿಯ ‘ಜಾಗೀಚ್’, ಹಿಂದಿ-ಉರ್ದುವಿನ ‘ಮೌಕೆ ಪರ್’ ಎಂಬ ಸಮಾನ ಪ್ರಯೋಗಗಳೂ ಕನ್ನಡಿಗರ ಕಿವಿಗೆ ಬೀಳುತ್ತವೆ. ‘ಮೌಕಾ’ ಅರಬ್ಬಿಯ ಸ್ಥಳವಾಚಕದಿಂದ ಬಂದು ತಕ್ಕ ಸಮಯವೆಂಬ ಅರ್ಥವನ್ನೂ ಪಡೆದಿದೆ. ನಮ್ಮ ‘ಇಲ್ಲಿಯವರೆಗೆ’, ‘ನಿಂತ ನಿಲುವಿನಲ್ಲೇ’ ಎಂಬವೂ ಇದೇ ಬಗೆಯವು. ಆದ್ದರಿಂದ ಈ ಬೆಸುಗೆಯನ್ನು ಕೇವಲ ಇಂಗ್ಲಿಷಿನ ಪ್ರಭಾವವೆನ್ನಲಾಗದು.

ದೋಷವಿರುವುದು ಬೆಸುಗೆಯಲ್ಲಲ್ಲ, ಅದನ್ನು ವಿವೇಚನೆಯಿಲ್ಲದೆ ಬಳಸುವುದರಲ್ಲಿ. 2019ರ ಜೂನ್ 29ರಂದು ಇದೇ ಕೊಂಢವಾದಲ್ಲಿ ಕಾರ್ಮಿಕರ ಗುಡಿಸಲುಗಳ ಮೇಲೆ ಗೋಡೆ ಕುಸಿದು 15 ಮಂದಿ ಮೃತಪಟ್ಟರು. ಇಂತಹ ದುರಂತದ ವರದಿಯಲ್ಲಿ ‘ಸ್ಥಳದಲ್ಲೇ’ ಎಂದರೆ ಒಡನೆಯೇ ಎಂದೋ, ನೆರವು ತಲುಪುವ ಮುನ್ನ ಎಂದೋ? ಮೊದಲನೆಯದರಲ್ಲಿ ಸಾವಿನ ವೇಗ ಮಾತ್ರ ಇದೆ. ಎರಡನೆಯದರಲ್ಲಿ ನೆರವು ಎಷ್ಟು ತಡವಾಯಿತೆಂಬ ಪ್ರಶ್ನೆಯೂ ಅಡಗಿದೆ. ಆ ಪ್ರಶ್ನೆ ಉಳಿಯಬೇಕಾದರೆ ಕಾಲವನ್ನೂ ಸ್ಥಳವನ್ನೂ ಬಿಡಿಸಿ ಬರೆಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.