ಚೇಳಿನ ತಲೆಯ ಮೇಲೊಂದು ನೀಲಿ ಚುಕ್ಕೆ

ಈ ವಾರ ಎರೋಸಿಟಾ ಎಂಬ ಬಾಹ್ಯಾಕಾಶ ದೂರದರ್ಶಕದ ಎಕ್ಸ್-ರೇ ಪಟ್ಟಿಯ ಬಗ್ಗೆ ಬರೆಯುವುದಾಗಿ ಹೇಳಿದ್ದೆ. 2024ರ ಜನವರಿಯಲ್ಲಿ ಹೊರಬಂದ ಆ ಪಟ್ಟಿಯಲ್ಲಿ ಸುಮಾರು 9 ಲಕ್ಷ ಮೂಲಗಳಿವೆ. ಬೇರೆ ಪಟ್ಟಿಗಳೊಂದಿಗೆ ಕಂಪ್ಯೂಟರಿನಲ್ಲಿ ತಾಳೆ ನೋಡಿ, ಸಂಭವ ಹೆಚ್ಚಿರುವ ಚುಕ್ಕೆಗೆ ಗುರುತು ಅಂಟಿಸುವ ಪದ್ಧತಿಯ ಮೇಲೆ ನನ್ನ ತಕರಾರು ಹಳೆಯದು. ತಾಳೆ ಬೇಡವೆನ್ನುತ್ತಿಲ್ಲ, ಅಷ್ಟೂ ಚುಕ್ಕೆಗಳ ರೋಹಿತ ತೆಗೆಯಲು ಯಾವ ವೀಕ್ಷಣಾಲಯಕ್ಕೂ ರಾತ್ರಿಗಳು ಸಾಲವು. ಆದರೆ ತಾಳೆ ಕೊಡುವುದು ಶಂಕಿತರ ಹೆಸರು ಮಾತ್ರ. ಅದು ಜೋಡಿ ನಕ್ಷತ್ರವೋ, ದೂರದ ಗ್ಯಾಲಕ್ಸಿಯ ನಡುಭಾಗವೋ, ಸಿಡುಕುವ ಕೆಂಪು ಕುಬ್ಜವೋ ಎಂದು ಹೇಳಬೇಕಾದದ್ದು ರೋಹಿತ.

ಈ ಮಾತಿಗೆ ಆಧಾರವಾಗಿ 1966ರ ಒಂದು ಪ್ರಬಂಧ ತೆಗೆದೆ. ಪಟ್ಟಿಯ ಜಗಳ ಅಲ್ಲಿಗೇ ನಿಂತಿತು. ವೃಶ್ಚಿಕ ರಾಶಿಯ ಎಕ್ಸ್-ರೇ ಮೂಲವಾದ ಸ್ಕೋ ಎಕ್ಸ್-1 ಯಾವ ನಕ್ಷತ್ರವೆಂದು ಮೊದಲು ತೋರಿಸಿದ ಆ ಪ್ರಬಂಧಕ್ಕೆ ಹನ್ನೆರಡು ಮಂದಿ ಲೇಖಕರು. ಮೊದಲ ಹೆಸರು ಅಲನ್ ಸ್ಯಾಂಡೇಜ್. ಮುಂದೆ ರಿಕಾರ್ಡೊ ಜಾಕೋನಿ, ಮಿನೊರು ಓಡಾ. ಅವರ ನಡುವೆ ಬಿ.ವಿ. ಶ್ರೀಕಂಠನ್! ಶ್ರೀಕಂಠೇಶ್ವರನ ಊರಾದ ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದು, ಆಮೇಲೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಆ ಹೊತ್ತಿಗೆ ಅವರು ಅಮೆರಿಕದ ಎಂಐಟಿಯಲ್ಲಿದ್ದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು.

1962ರಲ್ಲಿ ಹಾರಿಸಿದ ರಾಕೆಟ್ಟೊಂದು ವೃಶ್ಚಿಕದ ಕಡೆ ಎಕ್ಸ್-ರೇ ಮೂಲವೊಂದಿದೆ ಎಂದಷ್ಟೇ ಹೇಳಿತ್ತು. ಆ ದಿಕ್ಕಿನಲ್ಲಿ ನಕ್ಷತ್ರಗಳಿಗೇನು ಬರ? ಓಡಾ ಅವರ ಉಪಾಯ ತಂತಿ ಜಾಲರಿಗಳದ್ದು. ಒಂದರ ಹಿಂದೊಂದು ಜಾಲರಿಯಿಟ್ಟು ರಾಕೆಟ್ಟಿನಲ್ಲಿ ಹಾರಿಸಿದರೆ, ಅದು ತಿರುಗಿದಂತೆ ಎಕ್ಸ್-ರೇ ಕಿರಣ ಒಮ್ಮೆ ದಾಟುತ್ತದೆ, ಒಮ್ಮೆ ಮರೆಯಾಗುತ್ತದೆ. ಆ ಏರಿಳಿತದಿಂದ ದಿಕ್ಕು ಲೆಕ್ಕಹಾಕಬಹುದು. 1966ರ ಮಾರ್ಚ್‌ನ ಹಾರಾಟದಿಂದ ಜಾಗದ ಅನುಮಾನ ಆರ್ಕ್ ನಿಮಿಷದ ಮಟ್ಟಕ್ಕೆ ಇಳಿಯಿತು.

ನನಗೆ ಅತಿ ಪ್ರಿಯವಾದ ಭಾಗ ಮುಂದಿನದು. ಎಕ್ಸ್-ರೇ ರೋಹಿತವನ್ನು ಕಣ್ಣಿಗೆ ಕಾಣುವ ಬೆಳಕಿನವರೆಗೆ ಎಳೆದು ನೋಡಿದಾಗ, ಅಲ್ಲಿ ಸುಮಾರು 13ನೇ ಕಾಂತಿಮಾನದ ನೀಲಿ ಚುಕ್ಕೆ ಇರಬೇಕೆಂದು ಲೆಕ್ಕ ಹೇಳಿತು. ಜೂನ್‌ನಲ್ಲಿ ಜಪಾನಿನ ಓಸಾವಾ ಮತ್ತು ಜುಗಾಕು ದೂರದರ್ಶಕ ತಿರುಗಿಸಿದರು. ಅತಿನೇರಳೆ ಹೆಚ್ಚಾಗಿ ಸೂಸುವ, ಲೆಕ್ಕಕ್ಕೆ ಹೊಂದುವ ಚುಕ್ಕೆ ಸಿಕ್ಕಿತು. ಕೆಲವೇ ದಿನಗಳಲ್ಲಿ ಪಾಲೊಮಾರ್‌ನಲ್ಲೂ ಅದನ್ನು ಕಂಡರು. ರೋಹಿತದಲ್ಲಿ ಹೈಡ್ರೊಜನ್ ಮತ್ತು ಅಯಾನಿತ ಹೀಲಿಯಂನ ಹೊಳೆಯುವ ಗೆರೆಗಳು, ಹಳೆಯ ನೋವಾಗಳಿಗಿರುವಂಥವು. ಬೆಳಕು ನಿಮಿಷಗಳಲ್ಲೇ ಅಲುಗುತ್ತಿತ್ತು. ಜಾಗ, ಬಣ್ಣ, ಗೆರೆ, ಮಿಣುಕು ನಾಲ್ಕೂ ಒಂದೇ ಕಡೆ ಬೆರಳು ತೋರಿದ ಮೇಲೆ ಗುರುತು ಪಕ್ಕಾ ಆಯಿತು. ಪಕ್ಕದ ಜೊತೆಗಾರನಿಂದ ಅನಿಲ ಸೆಳೆದುಕೊಳ್ಳುತ್ತಿರುವ ನ್ಯೂಟ್ರಾನ್ ನಕ್ಷತ್ರ ಅದೆಂದು ಇಂದು ನಮಗೆ ಗೊತ್ತು, 18.9 ಗಂಟೆಗೊಂದು ಸುತ್ತು.

ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದರಿಂದಲೋ ಏನೋ, ಎಕ್ಸ್-ರೇ ಆಕಾಶವೆಂದರೆ ಉಪಗ್ರಹದವರ ಕೆಲಸ, ನೆಲದ ದೂರದರ್ಶಕಕ್ಕೆ ಅಲ್ಲೇನಿದೆ ಎನ್ನುವವರು ನಮ್ಮ ಕಡೆ ಬಹಳ. ಅವರಿಗೆ ಈ ಚುಕ್ಕೆಯನ್ನೇ ತೋರಿಸಬೇಕು. ಮುಂಗಾರು ಕವಿಯುವ ಮುಂಚೆ, ಶಾಂತಿಗ್ರಾಮದ ಹೆದ್ದಾರಿಯ ದೀಪಗಳಿಂದ ದೂರ ಹೊಲದ ಕಡೆ ಹೋಗಿ. ಜ್ಯೇಷ್ಠಾದಿಂದ ಉತ್ತರಕ್ಕೆ ಸುಮಾರು 11 ಡಿಗ್ರಿ. 8 ಇಂಚಿನ ದೂರದರ್ಶಕ ಸಾಕು. ಚಂಚಲ ನಕ್ಷತ್ರಗಳ ವೀಕ್ಷಕರ ಸಂಘವಾದ ಎಎವಿಎಸ್‌ಒದ ನಕ್ಷೆಯಲ್ಲಿ ಈ ಚುಕ್ಕೆಯ ಹೆಸರು ವಿ818 ಸ್ಕಾರ್ಪಿ. ಅಕ್ಕಪಕ್ಕದ ಚುಕ್ಕೆಗಳಿಗೆ ಹೋಲಿಸಿ ಅರ್ಧ ಗಂಟೆಗೊಮ್ಮೆ ಕಾಂತಿಮಾನ ಬರೆದಿಡಿ. ಮುಂದಿನ ವಾರ ಎಚ್‌ಜೆಡ್ ಹರ್ಕ್ಯುಲಿಸ್ ಎಂಬ ನಕ್ಷತ್ರ, ಅದು 1.7 ದಿನಕ್ಕೊಮ್ಮೆ ಎರಡು ಕಾಂತಿಮಾನದಷ್ಟು ಏರಿಳಿಯುತ್ತದೆ, ಅಲ್ಲಿ ಬರವಣಿಗೆ ಇನ್ನೂ ಸುಲಭ.